ಸದ್ಯಕ್ಕೆ ಓದುತ್ತಿರುವುದೆಲ್ಲ ಮಳೆಯ ಕಥೆಗಳೇ

ಲಿಯು ಸಿಕ್ಸಿನ್ ಅವರ ‘ತ್ರೀ ಬಾಡಿ ಪ್ರಾಬ್ಲಂ’ ಸರಣಿ ಮುಗಿಸಿದ್ದೀರಿ. ವಿಜ್ಞಾನ ಕಥೆಗಳ ಹುಚ್ಚಿರುವವರು ಈಗ ಏನು ಓದುತ್ತಿದ್ದೀರಿ, ಮುಂದೆ ಯಾವುದನ್ನು ಹಿಡಿಯಲಿ ಎಂದು ಕೇಳಿದ್ದೀರಿ. ನಮ್ಮದು ವಿರಾಜಪೇಟೆ ಬಳಿ ಒಂದು ರೊಬಸ್ಟಾ ಕಾಫಿ ತೋಟ. ಪುಷ್ಯ ಮಳೆ ಜಡಿ ಹಿಡಿದು ಕೂತಿದೆ, ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಕೊಡಗಿನಲ್ಲಿ ಇನ್ನೊಂದಿಲ್ಲ. ರೇ ಬ್ರಾಡ್‌ಬರಿ ಶುಕ್ರಗ್ರಹದ ಮೇಲೆ ಬರೆದ ಎರಡು ಕಥೆಗಳು, ಬೇಗಂ ರುಕಿಯಾ ಅವರ ‘ಸುಲ್ತಾನಾಸ್ ಡ್ರೀಮ್’, ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’, ಈ ಮೂರನ್ನೂ ಒಟ್ಟಿಗೆ ಓದುತ್ತಿದ್ದೇನೆ. ಬೇಕೆಂದೇ ಒಟ್ಟಿಗೆ ಇಟ್ಟುಕೊಂಡಿದ್ದೇನೆ. ಆಕಾಶದ ಮೇಲೆ ಮನುಷ್ಯನ ಅಧಿಕಾರ ಎಷ್ಟು ಎಂಬ ಒಂದೇ ಪ್ರಶ್ನೆಗೆ ಮೂವರದೂ ಮೂರು ಬಗೆಯ ಉತ್ತರ.

ಬ್ರಾಡ್‌ಬರಿಯ ‘ಆಲ್ ಸಮ್ಮರ್ ಇನ್ ಎ ಡೇ’ ಬಂದದ್ದು 1954ರಲ್ಲಿ. ಅವನ ಶುಕ್ರಗ್ರಹದಲ್ಲಿ ಮಳೆ ನಿಲ್ಲುವುದೇ ಇಲ್ಲ, ಏಳು ವರ್ಷಕ್ಕೊಮ್ಮೆ ಮಾತ್ರ ಸ್ವಲ್ಪ ಹೊತ್ತು ಬಿಸಿಲು. ಅಲ್ಲೇ ಬೆಳೆದ ಒಂಬತ್ತು ವರ್ಷದ ಮಕ್ಕಳಿಗೆ ಸೂರ್ಯ ಹೇಗಿರುತ್ತಾನೆಂಬ ನೆನಪೇ ಇಲ್ಲ. ಭೂಮಿಯಿಂದ ತಡವಾಗಿ ಬಂದ ಮಾರ್ಗಟ್ ಎಂಬ ಹುಡುಗಿಗೆ ಮಾತ್ರ ಇದೆ. ಆ ಒಂದೇ ಕಾರಣಕ್ಕೆ ಉಳಿದವರಿಗೆ ಅವಳನ್ನು ಕಂಡರೆ ಆಗುವುದಿಲ್ಲ. ಬಿಸಿಲು ಬರುವ ಹೊತ್ತಿಗೆ ಸರಿಯಾಗಿ ಅವಳನ್ನು ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಮಕ್ಕಳೆಲ್ಲ ಬಿಸಿಲಿನಲ್ಲಿ ಓಡಾಡುತ್ತಿರುವಾಗ ಒಬ್ಬಳು ಇದ್ದಕ್ಕಿದ್ದಂತೆ ಅಳತೊಡಗುತ್ತಾಳೆ. ಅವಳ ಅಂಗೈಯ ನಡುವೆ ದಪ್ಪನೆಯ ಒಂದೇ ಒಂದು ಮಳೆಹನಿ ಬಿದ್ದಿರುತ್ತದೆ. ಆ ಹನಿಯ ಸಾಲುಗಳನ್ನು ನಾನು ಪ್ರತಿ ಮಳೆಗಾಲ ಓದುತ್ತೇನೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ನಿಜವೆನಿಸುವುದು ಇನ್ನೊಂದು ಸಂಗತಿ: ಮಾರ್ಗಟ್ ಶಾಲೆಯಲ್ಲಿ ಸ್ನಾನ ಮಾಡಲು ಒಪ್ಪುವುದಿಲ್ಲ, ತಲೆಗೆ ನೀರು ತಾಗಬಾರದು ಎಂದು ಕಿರುಚುತ್ತಾಳೆ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಜರಿದು ಬಂದ ಮೇಲೆ, ಹಂಚಿನ ಮೇಲೆ ಮಳೆ ಬಿರುಸಾದರೆ ನಿದ್ದೆಯಿಂದ ಎದ್ದು ಕೂರುವ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಅವರನ್ನು ನೋಡಿದವರಿಗೆ ಮಾರ್ಗಟ್ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಕಥೆ ‘ದಿ ಲಾಂಗ್ ರೇನ್’. ಅದೇ ಗ್ರಹ, ಅದೇ ಕೊನೆಯಿಲ್ಲದ ಮಳೆ. ಕೆಳಗಿಳಿದ ಕೆಲವರು ಕೃತಕ ಸೂರ್ಯ ಇರುವ ಗುಮ್ಮಟವೊಂದನ್ನು ಹುಡುಕಿ ಕಾಡಿನಲ್ಲಿ ನಡೆಯುತ್ತಾರೆ. ಕಥೆ ಚೆನ್ನಾಗಿದೆ, ಮೊದಲನೆಯದರ ಎತ್ತರ ಇದಕ್ಕಿಲ್ಲ.

ಇಷ್ಟು ಹೇಳಿದಾಗ ಕೆಲವರು ತಕರಾರು ಎತ್ತುತ್ತಾರೆ: ಶುಕ್ರಗ್ರಹದಲ್ಲಿ ಅಂಥ ಮಳೆಯೇ ಇಲ್ಲವಲ್ಲ, ವಿಜ್ಞಾನ ತಪ್ಪಾದ ಮೇಲೆ ಅದು ವಿಜ್ಞಾನ ಕಥೆ ಹೇಗಾಯಿತು? ಬ್ರಾಡ್‌ಬರಿ ಬರೆಯುವಾಗ ಆ ಗ್ರಹದ ದಟ್ಟ ಮೋಡದ ಕೆಳಗೆ ಏನಿದೆ ಎಂದು ಕಂಡವರಿರಲಿಲ್ಲ. ಮೋಡ ಇರುವಲ್ಲಿ ನೀರೂ ಇರಬೇಕೆಂಬ ಊಹೆ ಚಾಲ್ತಿಯಲ್ಲಿತ್ತು. 1962ರ ಡಿಸೆಂಬರ್‌ನಲ್ಲಿ ಮ್ಯಾರಿನರ್-2 ನೌಕೆ ಪಕ್ಕದಿಂದ ಹಾದುಹೋಗಿ ಅಲ್ಲಿನ ಕಾವನ್ನು ಅಳೆಯಿತು, 1970ರಲ್ಲಿ ವೆನೆರಾ-7 ನೆಲಕ್ಕೇ ಇಳಿಯಿತು. ನೆಲದ ಮೇಲೆ ಸುಮಾರು 460 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನಮ್ಮ ಭೂಮಿಯ ತೊಂಬತ್ತು ಪಟ್ಟಿನಷ್ಟು ವಾಯುಭಾರ. ಮೋಡಗಳಲ್ಲಿರುವುದು ಗಂಧಕಾಮ್ಲ, ಅದರ ಹನಿಗಳು ಕೆಳಗಿಳಿಯುತ್ತಲೇ ಆವಿಯಾಗುತ್ತವೆ, ನೆಲ ಮುಟ್ಟುವುದೇ ಇಲ್ಲ. ಇಷ್ಟೆಲ್ಲ ತಿಳಿದ ಮೇಲೂ ಕಥೆ ಬಾಡಿಲ್ಲ ಎಂಬುದು ನನ್ನ ಅಭಿಪ್ರಾಯ. ಗ್ರಹದ ಬಗ್ಗೆ ಅಂದಿನ ತಿಳಿವಳಿಕೆ ಎಷ್ಟಿತ್ತೋ ಅಷ್ಟರ ಮೇಲೆ ಅವನು ಕಟ್ಟಿದ. ಮುಗಿಯದ ಮಳೆ ಜನರ ನಡುವೆ ಏನು ಮಾಡುತ್ತದೆ ಎಂಬ ಲೆಕ್ಕ ಮಾತ್ರ ಇವತ್ತಿಗೂ ತಾಳೆಯಾಗುತ್ತದೆ.

ರುಕಿಯಾ ಅವರ ಕಥೆ ಇದಕ್ಕಿಂತ ಅರ್ಧ ಶತಮಾನ ಹಳೆಯದು. 1905ರಲ್ಲಿ ಮದರಾಸಿನಿಂದ ಹೊರಡುತ್ತಿದ್ದ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಬಂಗಾಳದ ಹೆಣ್ಣುಮಗಳೊಬ್ಬಳು ಇಂಗ್ಲಿಷಿನಲ್ಲಿ ಬರೆದದ್ದು. ಹೆಂಗಸರು ಆಳುವ, ಗಂಡಸರು ಮನೆಯೊಳಗೆ ಇರುವ ನಾಡು ಎಂಬ ಕಾರಣಕ್ಕೆ ಎಲ್ಲರೂ ಅದನ್ನು ನೆನೆಯುತ್ತಾರೆ. ಅದರ ಯಂತ್ರಗಳ ಕಡೆಗೆ ಯಾರೂ ಗಮನ ಕೊಡುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಅಲ್ಲಿನ ಅಡುಗೆಮನೆಯಲ್ಲಿ ಹೊಗೆಯಿಲ್ಲ, ಹೊಗೆಗೂಡೂ ಇಲ್ಲ, ಇದ್ದಿಲಿನ ಗುರುತಿಲ್ಲ. ಸೂರ್ಯನ ಶಾಖವನ್ನು ಕೊಳವೆಯಲ್ಲಿ ತಂದು ಬೇಯಿಸುತ್ತಾರೆ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡ ನಮ್ಮ ಅಜ್ಜಿಯ ಕಾಲದವರು ಆ ಒಂದು ಪುಟಕ್ಕೆ ಕೈಮುಗಿಯುತ್ತಿದ್ದರು.

ಅದಕ್ಕಿಂತ ದೊಡ್ಡದು ಅಲ್ಲಿನ ಮಳೆಯ ಏರ್ಪಾಡು. ವಿಶ್ವವಿದ್ಯಾಲಯವೊಂದರ ಹೆಂಗಸರು ಕೊಳವೆಗಳನ್ನು ಜೋಡಿಸಿದ ಬಲೂನನ್ನು ಮೋಡಗಳ ಮೇಲಕ್ಕೆ ಹಾರಿಸಿ, ವಾತಾವರಣದಿಂದ ನೀರನ್ನು ಬೇಕಾದಷ್ಟು ಎಳೆದುಕೊಳ್ಳುತ್ತಾರೆ. ಎಳೆಯುತ್ತಲೇ ಇರುವುದರಿಂದ ಮೋಡ ಕಟ್ಟುವುದಿಲ್ಲ, ಮಳೆ ಬಿರುಗಾಳಿಗಳು ನಿಂತುಹೋಗುತ್ತವೆ. ಅದನ್ನು ಕೇಳಿದ ಕಥೆಯ ನಿರೂಪಕಿ ಸುಲ್ತಾನಾ, ಇಲ್ಲಿ ಕೆಸರು ಏಕಿಲ್ಲ ಎಂದು ಈಗ ತಿಳಿಯಿತು ಎನ್ನುತ್ತಾಳೆ. ಎಂಥ ಗಟ್ಟಿ ಬರಹಗಾರ್ತಿ ನೋಡಿ! ಅಷ್ಟು ದೊಡ್ಡ ಕಲ್ಪನೆಯನ್ನು ಕಾಲಿಗೆ ಮೆತ್ತುವ ಕೆಸರಿನವರೆಗೆ ತಂದು ನಿಲ್ಲಿಸುತ್ತಾಳೆ.

ಆದರೂ ಇಲ್ಲಿ ನನಗೊಂದು ಜಗಳವಿದೆ. ಆ ಬಲೂನನ್ನು ಬ್ರಹ್ಮಗಿರಿಯ ಮೇಲೆ ಹಾರಿಸಿದರೆ ಏನಾಗುತ್ತದೆ? ನಮ್ಮ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿಯುವುದಿಲ್ಲ, ರಸ್ತೆ ಮುಚ್ಚುವುದಿಲ್ಲ, ಸರಿ. ಆದರೆ ತಲಕಾವೇರಿಯ ಸುತ್ತ ಬೀಳುವ ಮಳೆಯನ್ನೇ ಕನ್ನಂಬಾಡಿ ಕಟ್ಟೆಯೂ ಮಂಡ್ಯದ ಗದ್ದೆಯೂ ತಂಜಾವೂರಿನ ಬಯಲೂ ಕಾಯುತ್ತಿರುತ್ತವೆ. ರುಕಿಯಾರ ನಾಡಿಗೆ ನದಿಯ ಕೆಳಗಡೆಯ ಊರುಗಳಿಲ್ಲ, ಅದೇ ನೀರಿಗೆ ಕಾಯುವ ನೆರೆಯವರ ಮಾತೇ ಇಲ್ಲ. ಕಥೆಯ ಸಣ್ಣತನ ಅಂತಲ್ಲ, ಅವರು ಹೇಳಹೊರಟದ್ದು ಬೇರೆ. ಆದರೆ ಹೊಳೆಯ ತುದಿಯಲ್ಲಿ ಕೂತು ಓದುವವರಿಗೆ ಈ ಪ್ರಶ್ನೆ ಏಳದೆ ಇರುವುದಿಲ್ಲ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ರಾಬಿನ್ಸನ್. 2020ರ ಕಾದಂಬರಿ. ಉತ್ತರ ಪ್ರದೇಶದ ಊರೊಂದರಲ್ಲಿ ಬಿಸಿಗಾಳಿ ಬೀಸುತ್ತದೆ, ಕರೆಂಟ್ ಹೋಗುತ್ತದೆ, ಜನ ಕೆರೆಗಿಳಿದರೆ ಕೆರೆಯ ನೀರೂ ಬೆಚ್ಚಗೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವೇ 35 ಡಿಗ್ರಿ ತೋರಿಸುವ ಗಾಳಿಯಲ್ಲಿ ಬೆವರು ಆರಿ ಮೈ ತಂಪಾಗುವುದು ನಿಂತುಹೋಗುತ್ತದೆ, ನೆರಳಿನಲ್ಲಿ ಕೂತ ಆರೋಗ್ಯವಂತನೂ ಉಳಿಯುವುದು ಕಷ್ಟ. ಆ ಮೊದಲ ಅಧ್ಯಾಯದಷ್ಟು ಭೀಕರವಾದ ಬರಹವನ್ನು ನಾನು ಈಚೆಗೆ ಓದಿಲ್ಲ. ರಾತ್ರಿ ಓದಬೇಡಿ. ಆಮೇಲೆ ಭಾರತ ಸರ್ಕಾರ ಯಾರನ್ನೂ ಕೇಳದೆ ವಿಮಾನಗಳಿಂದ ಆಕಾಶಕ್ಕೆ ಗಂಧಕದ ಧೂಳು ಹಾಯಿಸಿ ಬಿಸಿಲನ್ನು ತಡೆಯುತ್ತದೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾದದ್ದೇ ಇದಕ್ಕೆ ಮಾದರಿ.

ಇಲ್ಲಿ ನಾನು ಪುಸ್ತಕ ಮಡಚಿಟ್ಟು ಯೋಚನೆಗೆ ಬಿದ್ದೆ. ಕಾಫಿಯವರಿಗೆ ಮಾರ್ಚ್ ಹೊತ್ತಿನ ಹೂಮಳೆಯೇ ಜೀವ. ಒಂದು ಇಂಚು ಹದವಾಗಿ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ, ಎರಡು ಮೂರು ವಾರ ಬಿಟ್ಟು ಕಾಯಿ ಕಚ್ಚಲು ಬ್ಯಾಕಿಂಗ್ ಮಳೆ, ಅಂದರೆ ಎರಡನೆಯ ಮಳೆ ಬೇಕು, ಹೂ ಅರಳಿದ ದಿನವೇ ಸುರಿದರೆ ಫಸಲು ಕೆಡುತ್ತದೆ. ಇಲ್ಲಿ ಬೆಳಿಗ್ಗೆ ಎದ್ದವರು ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣ ಮಟ್ಟಕ್ಕೆ ಹಿಡಿದು ನೋಡಿ, ಇಂಚು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಡೈರಿಗೆ ಬರೆಯುತ್ತಾರೆ. ಆಮೇಲೆ ‘ನಿಮ್ಮಲ್ಲಿ ಎಷ್ಟಾಯಿತು ಅಣ್ಣ?’ ಎಂದು ಫೋನು. ಇಷ್ಟು ಸೂಕ್ಷ್ಮವಾದ ಕಾಲಲೆಕ್ಕದ ಮೇಲೆ ಬದುಕುವ ಊರಿನವನಿಗೆ ಆಕಾಶದ ಮೇಲೆ ಯಾರೋ ಧೂಳು ಹಾಯಿಸುವುದು ಎಂದರೆ ಎದೆ ಧಸಕ್ಕೆನ್ನುತ್ತದೆ. ಹಾಗೆಂದು ಕೆರೆಯಲ್ಲಿ ಬೆಂದು ಸತ್ತವರ ಮುಂದೆ ನನ್ನ ಹೂಮಳೆಯ ಮಾತು ಎತ್ತಲು ಬಾಯಿ ಬರುವುದಿಲ್ಲ. ರಾಬಿನ್ಸನ್ ಓದುಗನನ್ನು ಇಂಥ ಇಕ್ಕಟ್ಟಿಗೆ ತಂದು ನಿಲ್ಲಿಸುತ್ತಾರೆ, ಅದಕ್ಕೇ ಈ ಪುಸ್ತಕವನ್ನು ಮೆಚ್ಚುತ್ತೇನೆ. ನಡುನಡುವೆ ಸಭೆಗಳ ನಡಾವಳಿಯಂತೆ ಓಡುವ ಅಧ್ಯಾಯಗಳಿವೆ, ಬ್ಯಾಂಕು ಕರೆನ್ಸಿಗಳ ವಿವರ ಬಹಳ ಉದ್ದ. ನಾನಿನ್ನೂ ಅರ್ಧ ದಾಟಿದ್ದೇನೆ ಅಷ್ಟೇ.

ನಮ್ಮಲ್ಲಿ ನಾಲ್ಕಾರು ಜನರ ಓದುಗರ ಬಳಗವೊಂದಿದೆ. ಪುಸ್ತಕಕ್ಕೆ ಬೂಷ್ಟು ಹಿಡಿಯದಂತೆ ಪ್ಲಾಸ್ಟಿಕ್ ಸುತ್ತಿ, ಗೊಬ್ಬರದ ಚೀಲದಲ್ಲಿ ಹಾಕಿ, ಖಾಸಗಿ ಬಸ್ಸಿನವರ ಕೈಗೆ ಕೊಟ್ಟು ಕಳಿಸುತ್ತೇವೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದುವ ಹುಡುಗಿ ಸದ್ಯ ಉರ್ಸುಲಾ ಲಗ್ವಿನ್ ಅವರ ‘ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’ ಓದುತ್ತಿದ್ದಾಳೆ. 1972ರದು, ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆಯಿತು. ಮರಗಳೇ ಉಳಿಯದ ಭೂಮಿಯಿಂದ ಬಂದವರು ಇನ್ನೊಂದು ಗ್ರಹದ ಕಾಡು ಕಡಿದು ನಾಟಾ ಸಾಗಿಸುತ್ತಾರೆ, ಒಂದು ದ್ವೀಪವನ್ನು ಬೋಳಿಸಿದ ಮೇಲೆ ಮಣ್ಣೂ ಕೊಚ್ಚಿಹೋಗುತ್ತದೆ. ‘ಅಣ್ಣ, ಬರೆ ಕುಸಿತದ ಪಾಠಕ್ಕೆ ಮೊದಲು ಇದನ್ನೇ ಓದಿಸಬೇಕು’ ಎಂದಳು. ಸಾವಿರಕ್ಕೂ ಹೆಚ್ಚು ದೇವರಕಾಡುಗಳಿರುವ ಜಿಲ್ಲೆಯಲ್ಲಿ ಈ ಪುಸ್ತಕಕ್ಕೆ ಓದುಗರು ಇಷ್ಟು ಕಡಿಮೆ ಏಕೆಂದು ನನಗೂ ಅನಿಸುತ್ತದೆ. ಲಿಯು ಅವರ ಮೊದಲ ಸಂಪುಟದಲ್ಲಿ ಯೆ ವೆಂಜಿಯೆ ಕಾಡು ಕಡಿಯುವ ದಳದಲ್ಲಿದ್ದುಕೊಂಡು ಪರಿಸರ ಲೇಖಕಿ ರೇಚಲ್ ಕಾರ್ಸನ್ ಅವರ ಪುಸ್ತಕ ಓದುವ ಭಾಗ ನಿಮಗೆ ಹಿಡಿಸಿದ್ದರೆ, ಮುಂದೆ ಹಿಡಿಯಬೇಕಾದದ್ದು ಇದೇ.

ಕನ್ನಡದ್ದೇ ಬೇಕೆಂದರೆ ತೇಜಸ್ವಿಯವರ ‘ಕರ್ವಾಲೊ’. ಅದು ವಿಜ್ಞಾನ ಕಥೆಯ ಕಪಾಟಿನದಲ್ಲ ಎಂದು ವಾದಿಸುವವರಿದ್ದಾರೆ. ಹಾರುವ ಓತಿಯ ಬೆನ್ನು ಹತ್ತಿ ಕಾಡು ಹೊಕ್ಕವರಿಗೆ ಕಾಲದ ಆಳವೇ ಎದುರಾಗುವ ಆ ಕಾದಂಬರಿಯನ್ನು ನಾನಂತೂ ಅದೇ ಕಪಾಟಿನಲ್ಲಿಟ್ಟಿದ್ದೇನೆ.

ನೀವು ರುಕಿಯಾರಿಂದ ಶುರುಮಾಡಿ. ಅಂತರ್ಜಾಲದಲ್ಲಿ ಪೂರ್ತಿ ಸಿಗುತ್ತದೆ, ಒಂದೇ ಕೂತಿನಲ್ಲಿ ಮುಗಿಯುತ್ತದೆ. ಮರುದಿನ ಮಾರ್ಗಟ್ ಕಥೆ, ಆಮೇಲೆ ಲಗ್ವಿನ್. ರಾಬಿನ್ಸನ್‌ಗೆ ಬಿಡುವಿರುವ ತಿಂಗಳು ಬೇಕು. ಮುಂಗಾರನ್ನೇ ನಡುವಿಗಿಟ್ಟು ಕನ್ನಡದಲ್ಲಿ ಬರೆದ ವಿಜ್ಞಾನ ಕಥೆ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ದಯವಿಟ್ಟು ಇಲ್ಲೇ ಕೆಳಗೆ ಹೆಸರು ಬರೆಯಿರಿ, ನಮ್ಮ ಬಳಗದ ಮುಂದಿನ ಸುತ್ತಿಗೆ ಪುಸ್ತಕ ಇನ್ನೂ ಗೊತ್ತಾಗಿಲ್ಲ.