ಡರ್ಟ್ ಬೈಕ್ ಹಗುರ ಮಾಡಲು ಮೊದಲು ಯಾವ ಭಾಗ ಬದಲಿಸಬೇಕು? (ಇರುವುದು ಉಡುಪಿಯಲ್ಲಿ)

ಸೈಲೆನ್ಸರ್. ಉಕ್ಕಿನದರ ಬದಲು ಟೈಟಾನಿಯಂನದು ಹಾಕಿದರೆ ಒಂದೇ ಏಟಿಗೆ ಕಿಲೋಗಳ ಲೆಕ್ಕದಲ್ಲಿ ತೂಕ ಇಳಿಯುತ್ತದೆ. ಮಲ್ಪೆಯ ಉಪ್ಪುಗಾಳಿಗೂ ತುಕ್ಕು ಹಿಡಿಯುವುದಿಲ್ಲ. ಆದರೆ ಸದ್ದು ಮಿತಿ ಮೀರಿದರೆ ರಸ್ತೆಯಲ್ಲಿ ದಂಡ ಬೀಳಬಹುದು.

ಸೆಲ್ಫ್ ಸ್ಟಾರ್ಟ್ ಬೈಕಾದರೆ ಮುಂದಿನದು ಬ್ಯಾಟರಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸೀಸದ್ದಕ್ಕಿಂತ ಬಹಳ ಹಗುರ. ಅದಕ್ಕೆ ಹೊಂದುವ ಚಾರ್ಜರನ್ನೇ ಬಳಸಿ.

ಟೈಟಾನಿಯಂ ಬೋಲ್ಟ್‌ಗಳಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಉಳಿಯುವುದು ಗ್ರಾಂಗಳಷ್ಟೇ. ಮೇಲಾಗಿ ಉಪ್ಪಿನ ತೇವ ಸೇರಿದರೆ ಅವು ಕೂತಿರುವ ಅಲ್ಯೂಮಿನಿಯಂ ಸವೆಯುತ್ತದೆ.

ಖರ್ಚಿಲ್ಲದ ದಾರಿಯೂ ಇದೆ. ಪೆಟ್ರೋಲ್ ಲೀಟರಿಗೆ ಸುಮಾರು 0.75 ಕಿಲೋ ತೂಗುತ್ತದೆ. ಹತ್ತಿರದ ಓಡಾಟಕ್ಕೆ ಟ್ಯಾಂಕ್ ತುಂಬಿಸಬೇಡಿ. ಮಳೆಗಾಲದಲ್ಲಿ ಮಡ್ಗಾರ್ಡಿನ ಒಳಗೆ ಮೆತ್ತಿದ ಮುರಕಲ್ಲು ಮಣ್ಣಿನ ಕೆಸರನ್ನು ಪ್ರತಿ ಸಲ ತೊಳೆಯಿರಿ. ಅದರ ಭಾರವೂ ಕಡಿಮೆಯಲ್ಲ.