ಒಂದು ಸಂಕೇತ, ಮೂರು ಗತಿ: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

‘ಉತ್ಪರಿವರ್ತನೆ: ವರವೋ ಶಾಪವೋ?’ ಎಂಬ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದಗಳೊಂದಿಗೆ’ ಎಂದು ಬರೆದು ಹಿಂತಿರುಗಿಸುವ ಲೇಖನವೂ ಅದಲ್ಲ. ನಿಮ್ಮ ಭಾಷೆ ಸ್ವಚ್ಛವಾಗಿದೆ, ವಿಷಯದ ಮೇಲೆ ನಿಮಗೆ ಆಸ್ಥೆಯೂ ಇದೆ. ಆದ್ದರಿಂದ ಎಲ್ಲಿ ಎಡವಿದ್ದೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಉತ್ಪರಿವರ್ತನೆಗಳಿಗೆ, ಅಂದರೆ ಜೀನಿನ ಸಂಕೇತದಲ್ಲಾಗುವ ಬದಲಾವಣೆಗಳಿಗೆ, ಉಪಕಾರಿ, ಅಪಾಯಕಾರಿ, ತಟಸ್ಥ ಎಂದು ಮೂರು ಉಪಶೀರ್ಷಿಕೆಗಳನ್ನು ಮಾಡಿ, ಒಂದೊಂದರ ಕೆಳಗೂ ಉದಾಹರಣೆಗಳನ್ನು ಪೇರಿಸಿದ್ದೀರಿ. ಪರೀಕ್ಷೆಯ ಉತ್ತರಪತ್ರಿಕೆಗೆ ಇಷ್ಟು ಸಾಕು. ಆದರೆ ಇದನ್ನು ಓದಿದವರು, ಒಳಿತು ಕೆಡುಕು ಎಂಬ ಗುಣ ಆ ಬದಲಾವಣೆಯೊಳಗೇ ಅಡಗಿದೆ ಎಂದು ತಿಳಿದುಬಿಡುತ್ತಾರೆ. ವಾಸ್ತವವಾಗಿ ಅದು ತೀರ್ಮಾನವಾಗುವುದು ಬದಲಾವಣೆ ಜೀನಿನ ಯಾವ ಜಾಗದಲ್ಲಿ ಆಯಿತು, ಒಬ್ಬ ವ್ಯಕ್ತಿಗೆ ಅದರ ಎಷ್ಟು ಪ್ರತಿಗಳು ಬಂದಿವೆ, ಆ ವ್ಯಕ್ತಿ ಎಂಥ ಪರಿಸರದಲ್ಲಿ ಬದುಕುತ್ತಿದ್ದಾನೆ ಎಂಬುದರಿಂದ. ಇದನ್ನು ತೋರಿಸಲು ಬೇಕಾದ ಸಾಮಗ್ರಿ ನಿಮ್ಮಲ್ಲೇ ಇತ್ತು. ಸಿಕಲ್ ಸೆಲ್ ರಕ್ತಹೀನತೆಯನ್ನು ನೀವು ‘ಅಪಾಯಕಾರಿ’ ಪಟ್ಟಿಗೆ ಸೇರಿಸಿ ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ.

ಆ ಎರಡು ಸಾಲನ್ನು ಬಿಡಿಸಿ ನೋಡಿ. ರಕ್ತದಲ್ಲಿ ಆಮ್ಲಜನಕವನ್ನು ಸಾಗಿಸುವ ಪ್ರೋಟೀನ್ ಹಿಮೋಗ್ಲೋಬಿನ್. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ, ಅಂದರೆ ಪ್ರೋಟೀನನ್ನು ಕಟ್ಟುವ ಬಿಡಿ ಕೊಂಡಿಗಳು. ಆರನೆಯದು ಗ್ಲುಟಾಮಿಕ್ ಆಮ್ಲ. ಡಿಎನ್‌ಎಯಲ್ಲಿ ಅದರ ಸಂಕೇತ ಜಿಎಜಿ ಎಂಬ ಮೂರು ಅಕ್ಷರಗಳು. ಮೂರನೆಯ ಅಕ್ಷರ ಬದಲಾಗಿ ಜಿಎಎ ಆದರೆ ಏನೂ ಆಗುವುದಿಲ್ಲ, ಏಕೆಂದರೆ ಅದೂ ಗ್ಲುಟಾಮಿಕ್ ಆಮ್ಲದ್ದೇ ಸಂಕೇತ. ನಡುವಿನ ಅಕ್ಷರ ಬದಲಾಗಿ ಜಿಟಿಜಿ ಆದರೆ ಆ ಜಾಗಕ್ಕೆ ವ್ಯಾಲಿನ್ ಎಂಬ ಬೇರೆ ಅಮೈನೋ ಆಮ್ಲ ಬರುತ್ತದೆ. ಇದೇ ಸಿಕಲ್ ಜೀನ್. ಆಗ ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ತರುತ್ತದೆ. ಮೊದಲ ಅಕ್ಷರ ಬದಲಾಗಿ ಎಎಜಿ ಆದರೆ ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಬಂದು, ಪಶ್ಚಿಮ ಆಫ್ರಿಕಾದಲ್ಲಿ ಹೆಚ್ಚಾಗಿ ಕಾಣುವ ಹಿಮೋಗ್ಲೋಬಿನ್ ‘ಸಿ’ ಆಗುತ್ತದೆ. ಅದರ ಎರಡು ಪ್ರತಿಗಳಿದ್ದರೂ ತೊಂದರೆ ಸಾಮಾನ್ಯವಾಗಿ ಸೌಮ್ಯವಾದದ್ದು. ಪಕ್ಕಪಕ್ಕದ ಮೂರು ಅಕ್ಷರಗಳಲ್ಲಿ ನಿಮ್ಮ ಉಪಶೀರ್ಷಿಕೆಗಳು ಹೀಗೆ ಕಲಸಿಹೋಗಿರುವಾಗ ಪಟ್ಟಿಯ ಅಗತ್ಯವೇನಿದೆ?

ಇನ್ನು ಪ್ರತಿಗಳ ಮಾತು. ತಂದೆ ತಾಯಿ ಇಬ್ಬರಿಂದಲೂ ಸಿಕಲ್ ಜೀನ್ ಬಂದವರಿಗೆ ರೋಗ. ಒಬ್ಬರಿಂದ ಮಾತ್ರ ಬಂದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಂತರು. ಈ ವಾಹಕರಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂಬುದನ್ನು ವಿಜ್ಞಾನಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಅಧ್ಯಯನ ಮಾಡಿ 1954ರಲ್ಲಿ ಪ್ರಕಟಿಸಿದರು. ಮಲೇರಿಯಾ ಇರುವ ಸೀಮೆಯಲ್ಲಿ ಈ ಜೀನ್ ಅಳಿಯದೆ ಉಳಿದದ್ದು ಆ ಕಾರಣಕ್ಕೆ. ಮಲೇರಿಯಾ ಇಲ್ಲದ ಊರಿಗೆ ವಲಸೆ ಹೋದವರಲ್ಲಿ ಅದೇ ಜೀನ್‌ನಿಂದ ಲಾಭವಿಲ್ಲ, ನಷ್ಟ ಮಾತ್ರ ಉಳಿಯುತ್ತದೆ. ಲೇಖನದ ಹೃದಯ ಇದು. ಇದಕ್ಕೆ ಅರ್ಧ ಪುಟವನ್ನಾದರೂ ಕೊಡಿ.

ಇದನ್ನು ನೀವು ‘ಆಫ್ರಿಕಾದ ಕಾಯಿಲೆ’ ಎಂದು ಕರೆದಿರುವುದನ್ನು ನಾನು ಒಪ್ಪಲಾರೆ. ನೀಲಗಿರಿಯ ಬುಡಕಟ್ಟು ಜನರಲ್ಲಿ ಇದು ಇರುವುದು 1952ರಲ್ಲೇ ವರದಿಯಾಗಿದೆ. ನಮ್ಮ ಚಾಮರಾಜನಗರ, ಮೈಸೂರು ಜಿಲ್ಲೆಗಳ ಕಾಡಂಚಿನ ಸಮುದಾಯಗಳಲ್ಲೂ ಇದೆ. ಇದರ ನಿರ್ಮೂಲನೆಗೆಂದು ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಅಭಿಯಾನವನ್ನೇ ಆರಂಭಿಸಿದೆ. ‘ದೋಷವುಳ್ಳ ಜೀನ್ ಹೊತ್ತ ಜನ’ ಎಂಬ ನಿಮ್ಮ ಮಾತನ್ನು ಆ ಹಾಡಿಗಳ ಯಾರಾದರೂ ಓದಿದರೆ ಏನನ್ನಿಸೀತು? ತಪಾಸಣೆಯಲ್ಲಿ ವಾಹಕಿ ಎಂದು ಗೊತ್ತಾದ ಹುಡುಗಿಯ ಮದುವೆಗೆ ತೊಡಕಾಗಬಹುದಾದ ಸಮಾಜದಲ್ಲಿ ನಾವು ಬರೆಯುತ್ತಿದ್ದೇವೆ. ಆ ಸಾಲು ಹೋಗಲಿ. ಇಬ್ಬರು ವಾಹಕರ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂಬ ಮಾಹಿತಿ ಅಲ್ಲಿ ಬರಲಿ.

ಅದಕ್ಕಿಂತ ದೊಡ್ಡ ತಪ್ಪು ‘ಆ್ಯಂಟಿಬಯಾಟಿಕ್‌ಗಳಿಂದ ಪಾರಾಗಲು ಬ್ಯಾಕ್ಟೀರಿಯಾಗಳು ತಮ್ಮ ಜೀನ್‌ಗಳನ್ನು ಬದಲಿಸಿಕೊಂಡವು’ ಎಂಬ ವಾಕ್ಯದಲ್ಲಿದೆ. ಬ್ಯಾಕ್ಟೀರಿಯಾಕ್ಕೆ ಅಂಥ ಮುಂದಾಲೋಚನೆ ಇಲ್ಲ. ವಿಜ್ಞಾನಿಗಳಾದ ಲೂರಿಯಾ ಮತ್ತು ಡೆಲ್‌ಬ್ರೂಕ್ 1943ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಅನೇಕ ನಳಿಕೆಗಳಲ್ಲಿ ಬ್ಯಾಕ್ಟೀರಿಯಾವನ್ನು ಬೇರೆಬೇರೆಯಾಗಿ ಬೆಳೆಸಿ, ನಂತರ ಅವುಗಳನ್ನು ಕೊಲ್ಲುವ ವೈರಸ್‌ಗೆ ಒಡ್ಡಿದರು. ವೈರಸ್ ತಾಗಿದ ಮೇಲೆ ನಿರೋಧಕ ಶಕ್ತಿ ಹುಟ್ಟುವುದಾಗಿದ್ದರೆ ಎಲ್ಲ ನಳಿಕೆಗಳಲ್ಲೂ ಬದುಕುಳಿದವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಬೇಕಿತ್ತು. ಆದರೆ ಹಲವು ನಳಿಕೆಗಳಲ್ಲಿ ಒಂದೂ ಉಳಿಯಲಿಲ್ಲ, ಕೆಲವದರಲ್ಲಿ ರಾಶಿ ಉಳಿದವು. ಅಂದರೆ ಬದಲಾವಣೆ ವೈರಸ್ ಬರುವುದಕ್ಕೆ ಮೊದಲೇ, ಯಾವಾಗಲೋ ಆಕಸ್ಮಿಕವಾಗಿ ಆಗಿತ್ತು. ಬೇಗ ಆದ ನಳಿಕೆಯಲ್ಲಿ ಅದರ ಸಂತತಿ ಹೆಚ್ಚಿತ್ತು. (ಈ ಯೋಚನೆ ಲೂರಿಯಾಗೆ ಹೊಳೆದದ್ದು ಒಂದು ಸಂತೋಷಕೂಟದಲ್ಲಿ ಸಹೋದ್ಯೋಗಿ, ಹೆಚ್ಚು ಸಲ ಏನೂ ಕೊಡದೆ ಅಪರೂಪಕ್ಕೊಮ್ಮೆ ರಾಶಿ ಸುರಿಯುವ ಜೂಜಿನ ಯಂತ್ರಕ್ಕೆ ನಾಣ್ಯ ಹಾಕುತ್ತಿದ್ದುದನ್ನು ನೋಡಿದಾಗ. ಬೇಕಿದ್ದರೆ ಬಳಸಿಕೊಳ್ಳಿ.) ಔಷಧ ಮಾಡುವುದು ಆಯ್ಕೆಯನ್ನು ಮಾತ್ರ: ಮೊದಲೇ ನಿರೋಧಕವಾಗಿದ್ದವು ಉಳಿಯುತ್ತವೆ, ಉಳಿದವು ಸಾಯುತ್ತವೆ. ಇಡೀ ಲೇಖನದಲ್ಲಿ ‘ಪಾರಾಗಲು’, ‘ಹೊಂದಿಕೊಳ್ಳಲೆಂದು’ ಎಂಬ ಪದಗಳು ಎಲ್ಲೆಲ್ಲಿವೆಯೋ ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದ್ದೇನೆ.

ಹಾಲಿನ ಉದಾಹರಣೆಯನ್ನು ಉಳಿಸಿಕೊಳ್ಳಿ. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆಯನ್ನು ಅರಗಿಸುವ ಸಾಮರ್ಥ್ಯಕ್ಕೆ ಯುರೋಪಿನಲ್ಲೂ ಭಾರತದಲ್ಲೂ ಕಾರಣವಾದದ್ದು ಒಂದೇ ಅಕ್ಷರದ ಬದಲಾವಣೆ, ಪೂರ್ವ ಆಫ್ರಿಕಾದ ದನಗಾಹಿಗಳಲ್ಲಿ ಬೇರೆಯದೇ ಬದಲಾವಣೆ ಎಂಬುದನ್ನು ಸೇರಿಸಿದರೆ ಅದಕ್ಕೆ ತೂಕ ಬರುತ್ತದೆ.

ತಟಸ್ಥ ಬದಲಾವಣೆಗಳಿಗೆ ‘ಇವುಗಳಿಂದ ಪ್ರಯೋಜನವೂ ಇಲ್ಲ, ಹಾನಿಯೂ ಇಲ್ಲ’ ಎಂದು ಒಂದೇ ಸಾಲು ಕೊಟ್ಟು ಕೈತೊಳೆದುಕೊಂಡಿದ್ದೀರಿ. ಸಂಖ್ಯೆಯಲ್ಲಿ ಅವೇ ಬಹುಪಾಲು. ನಮ್ಮ ಜೀನೋಮ್, ಅಂದರೆ ಡಿಎನ್‌ಎಯ ಒಂದು ಪೂರ್ಣ ಪ್ರತಿ, ಸುಮಾರು 300 ಕೋಟಿ ಅಕ್ಷರಗಳದ್ದು. ಹುಟ್ಟುವ ಪ್ರತಿ ಮಗುವಿನಲ್ಲೂ ತಂದೆ ತಾಯಿಯಲ್ಲಿ ಇಲ್ಲದ ಹಲವು ಹತ್ತು ಹೊಸ ಬದಲಾವಣೆಗಳಿರುತ್ತವೆ, ಅವುಗಳಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬರುವುದಿಲ್ಲ. ಅಣುಗಳ ಮಟ್ಟದ ವಿಕಾಸದಲ್ಲಿ ಹೆಚ್ಚಿನ ಪಾಲು ಇಂಥ ಬದಲಾವಣೆಗಳದ್ದೇ ಎಂದು ಜಪಾನಿನ ತಳಿವಿಜ್ಞಾನಿ ಮೊಟೂ ಕಿಮುರಾ 1968ರಲ್ಲಿ ವಾದಿಸಿದಾಗ ದೊಡ್ಡ ಚರ್ಚೆಯೇ ಎದ್ದಿತು. ಎರಡು ಜೀವಜಾತಿಗಳು ಯಾವ ಕಾಲಕ್ಕೆ ಕವಲೊಡೆದವು ಎಂದು ಅಂದಾಜಿಸಲು ವಿಜ್ಞಾನಿಗಳು ನೆಚ್ಚುವುದೂ ಇವುಗಳನ್ನೇ.

ತಿದ್ದುವಾಗ ಉಪಶೀರ್ಷಿಕೆಗಳನ್ನು ತೆಗೆಯಿರಿ, ಸಿಕಲ್ ಸೆಲ್‌ನಿಂದಲೇ ಆರಂಭಿಸಿ. ಸಿನಿಮಾದ ಮಹಾಶಕ್ತಿಯ ನಾಯಕರ ಪ್ಯಾರಾ ಬೇಡ. ಶೀರ್ಷಿಕೆಯೂ ಬದಲಾಗಬೇಕು, ‘ವರವೋ ಶಾಪವೋ’ ಎಂಬ ಪ್ರಶ್ನೆ ಈ ಲೇಖನಕ್ಕೆ ಹೊಂದುವುದಿಲ್ಲ. 1,200 ಪದಗಳ ಮಿತಿಯಲ್ಲಿ ಬರೆದು ಕಳುಹಿಸಿದರೆ ಮತ್ತೆ ಓದುತ್ತೇನೆ. ಜಿಎಜಿಯ ಮೂರು ಗತಿಗಳನ್ನು ತೋರಿಸುವ ಸಣ್ಣ ಚಿತ್ರವೊಂದನ್ನು ನಮ್ಮ ಕಲಾವಿದರಿಂದ ಬರೆಸುವ ಹೊಣೆ ನಮ್ಮದು.

ಇಂತಿ,
ಸಂಪಾದಕ