ರಜೆ ಕೇಳಿದರೆ ‘ಜಾತ್ರೆ ಮುಗಿಯಲಿ’ ಎನ್ನುತ್ತಾರೆ

ಪ್ರಶ್ನೆ: ವಿಜಯಪುರದ ಬಟ್ಟೆ ಅಂಗಡಿಯೊಂದರಲ್ಲಿ ಮೂರು ವರ್ಷಗಳಿಂದ ಸೇಲ್ಸ್‌ಮನ್ ಆಗಿದ್ದೇನೆ. ತಂಗಿಯ ಕುಬುಸಕ್ಕೆ (ಸೀಮಂತಕ್ಕೆ) ಎರಡು ದಿನ ರಜೆ ಕೇಳಿದರೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ವ್ಯಾಪಾರವಿದೆಯೆಂದು ಮಾಲೀಕರು ನಿರಾಕರಿಸಿದರು. ಹೇಳದೆ ಹೋಗಿಬಿಡಲೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ, ಹೇಳದೆ ಗೈರಾದರೆ ನಿಮ್ಮ ನ್ಯಾಯವಾದ ಬೇಡಿಕೆಯೇ ತಪ್ಪಾಗಿ ಕಾಣುತ್ತದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ, ವಾರಕ್ಕೊಂದು ಪೂರ್ಣ ದಿನದ ರಜೆಯಲ್ಲದೆ, ದುಡಿದ ಪ್ರತಿ 20 ದಿನಗಳಿಗೆ ಒಂದು ದಿನದಂತೆ ಸಂಬಳಸಹಿತ ರಜೆಯೂ ನಿಮಗೆ ಸಲ್ಲುತ್ತದೆ. ಆದ್ದರಿಂದ ಸಂಕೋಚ ಬೇಡ. ಆದರೆ ಜಾತ್ರೆಯ ವಾರದಲ್ಲಿ ಮಾಲೀಕರಿಗಿರುವ ಒತ್ತಡವೂ ನಿಜವೇ. ಬಾಯಿಮಾತಿನಲ್ಲಿ ಕೇಳುವುದನ್ನು ಬಿಟ್ಟು, ಕಾರ್ಯದ ದಿನಾಂಕ, ಆ ಎರಡು ದಿನ ನಿಮ್ಮ ಕೌಂಟರ್ ನೋಡಿಕೊಳ್ಳಲು ಒಪ್ಪಿರುವ ಸಹೋದ್ಯೋಗಿಯ ಹೆಸರು, ಮುಂದೆ ನೀವು ಅವರಿಗೆ ಬದಲಿಯಾಗುವ ದಿನ, ಇಷ್ಟನ್ನೂ ಅರ್ಜಿಯಲ್ಲಿ ಬರೆದುಕೊಟ್ಟು, ನಿಮ್ಮಲ್ಲಿ ಉಳಿಯುವ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಎರಡು ದಿನ ಸಿಗದಿದ್ದರೆ ಕಾರ್ಯದ ದಿನವನ್ನಾದರೂ ಬಿಡಿಸಿಕೊಳ್ಳಿ. ತವರಿನ ಅಣ್ಣನಿಲ್ಲದ ಕುಬುಸ ತಂಗಿಗೆ ನೋವಿನ ಸಂಗತಿಯೇ ಸರಿ. ಜಾತ್ರೆ ಮುಗಿದ ಮೇಲೂ ರಜೆಯನ್ನೇ ಕೊಡದಿದ್ದರೆ, ಅರ್ಜಿಯ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ನಿರೀಕ್ಷಕರನ್ನು ಕಾಣಿರಿ.